ಉಪ್ಪುನೀರಿಗೆ ಬಿದ್ದ ಡ್ರೋನ್: ಮೊದಲು ಒಣಗಿಸಬೇಡಿ, ತೊಳೆಯಿರಿ

ಏಪ್ರಿಲ್ ತಿಂಗಳು, ಉಬ್ಬರದ ಹೊತ್ತು. ಉಡುಪಿ ಕಡೆಯ ಕೋಡಿಬೆಂಗ್ರೆ ಅಳಿವೆಯಲ್ಲಿ ದೋಣಿ ಮೇಲೆ ನಿಂತು ಡ್ರೋನ್ ಹಾರಿಸುತ್ತಿದ್ದೆ. ದೋಣಿ ನಿಧಾನಕ್ಕೆ ಮುಂದೆ ಹೋಗುತ್ತಿತ್ತು, ನಾನು ಸ್ಕ್ರೀನ್ ನೋಡುವುದರಲ್ಲೇ ಮುಳುಗಿದ್ದೆ. ಬ್ಯಾಟರಿ ಕಮ್ಮಿಯಾದಾಗ ಡ್ರೋನ್ ತಾನಾಗಿಯೇ ವಾಪಸ್ ಹೊರಟಿತು. ವಾಪಸ್ ಅಂದರೆ ಅದರ ಲೆಕ್ಕದಲ್ಲಿ ಹಾರಿದ ಜಾಗ. ದೋಣಿ ಆ ಜಾಗ ಬಿಟ್ಟು ಎಷ್ಟೋ ದೂರ ಬಂದಿದೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವನು ನಾನೇ. ಅದು ಶಿಸ್ತಾಗಿ ಹೋಗಿ, ಖಾಲಿ ನೀರಿನ ಮೇಲೆ ಇಳಿಯಿತು.

"ಎಂತ ಮಾರ್ರೆ, ನಿಮ್ಮ ಹಕ್ಕಿ ಮೀನು ಹಿಡಿಲಿಕ್ಕೆ ಹೋಯ್ತಾ?" ಎಂದರು ದೋಣಿಯವರು.

ಅಲ್ಲಿ ಕುತ್ತಿಗೆ ಮಟ್ಟದ ನೀರಷ್ಟೇ ಇತ್ತು. ಅವರ ಮಗ ಮುಳುಗು ಹಾಕಿ ಇಪ್ಪತ್ತು ನಿಮಿಷದಲ್ಲಿ ಎತ್ತಿಕೊಟ್ಟ. ಆ ಡ್ರೋನ್ ಈಗಲೂ ಹಾರುತ್ತದೆ. ಬ್ಯಾಟರಿ ಮಾತ್ರ ಉಳಿಯಲಿಲ್ಲ, ಉಳಿಸಬಾರದು ಕೂಡ. ಆಮೇಲೆ ಸ್ನೇಹಿತರ ಮೂರ್ನಾಲ್ಕು ಡ್ರೋನ್ ಕೂಡ ನನ್ನ ಮೇಜಿಗೆ ಬಂದವು. ಅವುಗಳಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಹಾಳು ಮಾಡುವುದು ನೀರಲ್ಲ, ಉಪ್ಪು

ಎಲ್ಲರೂ ಮಾಡುವ ಮೊದಲ ತಪ್ಪು ಒಂದೇ. ನೀರು ಒರೆಸಿ, ಬಿಸಿಲಿಗಿಟ್ಟು, ರಾತ್ರಿ ಅಕ್ಕಿ ಡಬ್ಬಕ್ಕೆ ಹಾಕುವುದು. ಮಳೆನೀರು ಬಿದ್ದಿದ್ದರೆ ಒಣಗಿಸುವುದು ಸರಿಯೇ. ಸಮುದ್ರದ ನೀರಿಗೆ ಆ ಲೆಕ್ಕ ಇಲ್ಲ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನೀರು ಆರಿಹೋದರೂ ಉಪ್ಪು ಚಿಪ್‌ಗಳ ಕಾಲುಗಳ ನಡುವೆ ಕೂತಿರುತ್ತದೆ. ಅಕ್ಕಿ ಉಪ್ಪನ್ನು ಎಳೆಯುವುದಿಲ್ಲ. ಕುಚ್ಚಲಕ್ಕಿ ಆದರೂ ಅಷ್ಟೇ, ಸೋನಾ ಮಸೂರಿ ಆದರೂ ಅಷ್ಟೇ.

ಎರಡು ರೀತಿಯಲ್ಲಿ ಅದು ಕಾಟ ಕೊಡುತ್ತದೆ. ಒಂದು, ಮುಳುಗಿರುವಾಗಲೇ. ಸಮುದ್ರದ ನೀರು ನಲ್ಲಿ ನೀರಿಗಿಂತ ಹೆಚ್ಚುಕಮ್ಮಿ ನೂರು ಪಟ್ಟು ಚೆನ್ನಾಗಿ ಕರೆಂಟ್ ಹರಿಸುತ್ತದೆ. ನೀರನ್ನು ಜಲಜನಕ, ಆಮ್ಲಜನಕವಾಗಿ ಒಡೆಯಲು ಒಂದೂಕಾಲು ವೋಲ್ಟ್ ಸಾಕು, ಮೂರು ಸೆಲ್ ಬ್ಯಾಟರಿಯಲ್ಲಿ 11 ವೋಲ್ಟಿಗಿಂತ ಜಾಸ್ತಿ ಇರುತ್ತದೆ. ಪ್ಲಸ್ ಕಡೆಯ ತಾಮ್ರ ಕರಗಿ ನೀರಿಗೆ ಬರುತ್ತದೆ. ನನ್ನ ಬ್ಯಾಟರಿಯನ್ನು ಹೊರಗೆ ಎಳೆದಾಗ ಅದು ಕಣ್ಣಿಗೇ ಕಂಡಿತು. ಪ್ಲಸ್ ಪಿನ್ ಹಸಿರಾಗಿ, ಇಲಿ ಕಡಿದ ಹಾಗೆ ಅರ್ಧ ತಿಂದು ಹೋಗಿತ್ತು. ಪಕ್ಕದ ಮೈನಸ್ ಪಿನ್ ಹೊಸದರ ಹಾಗೆ ಹೊಳೆಯುತ್ತಿತ್ತು. ಬರೀ ಇಪ್ಪತ್ತು ನಿಮಿಷದಲ್ಲಿ.

ಇನ್ನೊಂದು ಕಾಟ ನಿಧಾನದ್ದು. ಆಷಾಢದಲ್ಲಿ ಅಡುಗೆಮನೆಯ ಕಲ್ಲುಪ್ಪಿನ ಭರಣಿ ನೋಡಿ. ಯಾರೂ ನೀರು ಹಾಕಿರುವುದಿಲ್ಲ, ಆದರೂ ತಳದಲ್ಲಿ ನೀರು ನಿಂತಿರುತ್ತದೆ. ಗಾಳಿಯ ತೇವ 75 ಶೇಕಡ ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಂಡು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್‌ಗೆ ಅದರ ಅರ್ಧದಷ್ಟು ತೇವವೂ ಬೇಡ. ಕರಾವಳಿಯಲ್ಲಿ ಮಳೆಗಾಲವಿಡೀ ತೇವ ಆ ಗೆರೆಯ ಮೇಲೆಯೇ ಇರುತ್ತದೆ. ಹಾಗಾಗಿ ತೊಳೆಯದೆ ಒಣಗಿಸಿದ ಬೋರ್ಡ್ ಪ್ರತಿ ಮಳೆಗಾಲ ಮತ್ತೆ ಒದ್ದೆಯಾಗುತ್ತದೆ. "ಬಿದ್ದ ಮೇಲೂ ಚೆನ್ನಾಗೇ ಹಾರಿತ್ತು, ಎರಡು ತಿಂಗಳು ಬಿಟ್ಟು ಸುಮ್ನೆ ಸತ್ತೋಯ್ತು" ಎಂದು ಹೇಳುವವರ ಡ್ರೋನ್ ಬಿಚ್ಚಿದರೆ ಒಳಗೆ ಇದೇ ಕಥೆ.

ಮೊದಲ ಹತ್ತು ನಿಮಿಷ

ಆನ್ ಬಟನ್ ಮುಟ್ಟಬೇಡಿ. ಕೆಲಸ ಮಾಡುತ್ತದಾ ನೋಡೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಅದೊಂದು ಒತ್ತು ಉಳಿಯಬೇಕಾದ ಬೋರ್ಡನ್ನು ಸುಟ್ಟ ಉದಾಹರಣೆ ನನ್ನ ಮೇಜಿನ ಮೇಲೇ ಇದೆ.

ಬ್ಯಾಟರಿ ಎಳೆದು ತೆಗೆಯಿರಿ. ಬ್ಯಾಟರಿ ಬಿಸಿಯಾಗಿದ್ದರೆ, ಉಬ್ಬಿದ್ದರೆ, ಸುಯ್ ಎನ್ನುತ್ತಿದ್ದರೆ ಅಥವಾ ಹೊಗೆ ಬರುತ್ತಿದ್ದರೆ ಕೈ ಹಾಕಲೇಬೇಡಿ. ಡ್ರೋನ್ ಹೋದರೆ ಹೋಗಲಿ, ದೂರ ನಿಲ್ಲಿ. ಬ್ಲೀಚಿಂಗ್ ಪೌಡರ್ ವಾಸನೆ ಬಂದರೆ ಅದು ಕ್ಲೋರಿನ್. ಸಮುದ್ರದ ನೀರಿನಲ್ಲಿ ಕರೆಂಟ್ ಹರಿದಾಗ ಬರುವ ಗಾಳಿ ಅದು. ಮುಖ ಹತ್ತಿರ ಒಯ್ಯಬೇಡಿ.

ಬ್ಯಾಟರಿ ಹೊರಗೆ ಬಂದ ಮೇಲೆ ಮೆಮೊರಿ ಕಾರ್ಡ್ ತೆಗೆಯಿರಿ. ಕಾರ್ಡ್ ಬಗ್ಗೆ ಜಾಸ್ತಿ ಚಿಂತೆ ಬೇಡ. ಸಿಹಿನೀರಿನಲ್ಲಿ ತೊಳೆದು, ಒರೆಸಿ, ಒಂದು ದಿನ ಒಣಗಿಸಿ ಹಾಕಿದರೆ ಹೆಚ್ಚಾಗಿ ಎಲ್ಲ ವಿಡಿಯೋ ಸಿಗುತ್ತದೆ. ನನಗೆ ನೀರೊಳಗೆ ಇಳಿಯುವ ಕೊನೆಯ ಕ್ಷಣದ ವಿಡಿಯೋ ಕೂಡ ಸಿಕ್ಕಿತು, ಅದನ್ನು ಮನೆಯವರು ಇನ್ನೂ ನನಗೆ ತೋರಿಸುತ್ತಿರುತ್ತಾರೆ.

ಈಗ ಡ್ರೋನ್ ಮೈಯನ್ನು ಸಿಹಿನೀರಿನಲ್ಲಿ ಮುಳುಗಿಸಿ. ಹೌದು, ಮತ್ತೆ ನೀರಿಗೆ. ದೋಣಿಯಲ್ಲಿ ಕುಡಿಯುವ ನೀರಿನ ಕ್ಯಾನ್ ಇರುತ್ತದಲ್ಲ, ಅದೇ ಸಾಕು. ಬಕೆಟ್‌ನಲ್ಲಿ ಅದ್ದಿ, ಅಲ್ಲಾಡಿಸಿ, ನೀರು ಚೆಲ್ಲಿ, ಇನ್ನೊಮ್ಮೆ ಅದ್ದಿ. ಎಳನೀರು ಬೇಡ, ಅದರಲ್ಲೂ ಲವಣ ಇದೆ (ಕೇಳಿದವರಿದ್ದಾರೆ, ಅದಕ್ಕೇ ಬರೆದೆ). ಮನೆ ತಲುಪಲು ಎರಡು ಗಂಟೆ ಬೇಕೆಂದರೆ ಒದ್ದೆ ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಒದ್ದೆಯಾಗಿಯೇ ತನ್ನಿ. ದಾರಿಯಲ್ಲಿ ಒಣಗಿದರೆ ಉಪ್ಪು ಹರಳುಗಟ್ಟಿ ಸಂದಿಗಳಲ್ಲಿ ಹಿಡಿದುಕೊಳ್ಳುತ್ತದೆ.

ಬ್ಯಾಟರಿಯ ವಿಷಯ

ಇಲ್ಲಿ ನನಗೆ ಎರಡನೇ ಮಾತಿಲ್ಲ. ಉಪ್ಪುನೀರಿಗೆ ಬಿದ್ದ ಲಿಥಿಯಂ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಬೇಡಿ, ಮತ್ತೆ ಹಾರಿಸಬೇಡಿ. ಎಂಟು-ಹತ್ತು ಸಾವಿರ ಕೊಟ್ಟು ತಂದದ್ದು, ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ಒಳಗೆ ಏನಿದೆ ನೋಡಿ. ಸೆಲ್‌ಗಳು ಪ್ಲಾಸ್ಟಿಕ್ ಪೊರೆಯ ಅಲ್ಯೂಮಿನಿಯಂ ಚೀಲದಲ್ಲಿ ಮುಚ್ಚಿರುತ್ತವೆ, ಅವುಗಳಿಗೆ ತಕ್ಷಣ ಏನೂ ಆಗದಿರಬಹುದು. ಅವುಗಳ ಪಕ್ಕದಲ್ಲೇ ಚಾರ್ಜ್ ಲೆಕ್ಕ ನೋಡುವ ಸಣ್ಣ ಬೋರ್ಡ್ ಇದೆ. ಆ ಬೋರ್ಡನ್ನು ಆಫ್ ಮಾಡಲು ದಾರಿಯೇ ಇಲ್ಲ, ಅದಕ್ಕೆ ಯಾವಾಗಲೂ ಕರೆಂಟ್ ಇರುತ್ತದೆ. ಉಪ್ಪು ಅಲ್ಲಿ ಕೂತು ದಿನಗಟ್ಟಲೆ ತಿನ್ನುತ್ತಾ ಹೋಗಿ, ಒಂದು ರಾತ್ರಿ ಪ್ಲಸ್ಸನ್ನೂ ಮೈನಸ್ಸನ್ನೂ ಸೇರಿಸಿಬಿಡಬಹುದು. ಸೆಲ್ ಅಳತೆಯನ್ನೇ ತಪ್ಪು ಓದಿ ಹದ್ದುಮೀರಿ ಚಾರ್ಜ್ ಮಾಡಲೂಬಹುದು.

ಇದು ಸುಮ್ನೆ ಹೆದರಿಸುವ ಮಾತಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಫ್ಲೋರಿಡಾಕ್ಕೆ ಇಯಾನ್ ಚಂಡಮಾರುತ ಬಡಿದಾಗ ಸಮುದ್ರದ ನೀರಿನಲ್ಲಿ ನಿಂತಿದ್ದ ಎಲೆಕ್ಟ್ರಿಕ್ ಕಾರುಗಳಲ್ಲಿ ಕೆಲವು ನೀರು ಇಳಿದು ದಿನಗಳಾದ ಮೇಲೆ ಹೊತ್ತಿಕೊಂಡವು. ಡ್ರೋನಿನ ಬ್ಯಾಟರಿ ಚಿಕ್ಕದು, ಅಷ್ಟೇ ವ್ಯತ್ಯಾಸ.

ನಾನು ಮಾಡಿದ್ದು ಹೀಗೆ. ರಬ್ಬರ್ ಗ್ಲೌಸ್ ಹಾಕಿ, ಅಂಗಳದಲ್ಲಿ ಬ್ಯಾಟರಿಯನ್ನು ಒಂದು ಚೊಂಬು ಸಿಹಿನೀರಿನಲ್ಲಿ ತೊಳೆದೆ. ಒಳಗಿನ ನೀರು ಇಳಿಯುವ ಹಾಗೆ ಪಿನ್‌ಗಳನ್ನು ಕೆಳಮುಖ ಮಾಡಿ ಮಣ್ಣಿನ ಮಡಕೆಯಲ್ಲಿ, ಒಣ ಮರಳಿನ ಮೇಲೆ ಇಟ್ಟೆ. ಮುಚ್ಚಳ ಬಿಗಿಯಾಗಿ ಹಾಕಲಿಲ್ಲ, ಗಾಳಿ ಕಟ್ಟಬಾರದು. ಮಡಕೆಯನ್ನು ಮನೆ, ಬೈಕ್, ತೆಂಗಿನ ಗರಿ ಎಲ್ಲದರಿಂದ ದೂರ, ಮಳೆ ಬೀಳದ ಕಡೆ ಇಟ್ಟು ಒಂದು ವಾರ ಬಿಟ್ಟೆ. ಮೊದಲ ರಾತ್ರಿ ಅದರ ಲೈಟು ಯಾರೂ ಒತ್ತದೆ ತಾನೇ ಮಿಣುಕುತ್ತಿತ್ತು. ಮೂರನೇ ದಿನ ಒಂದು ಕಡೆ ಸ್ವಲ್ಪ ಉಬ್ಬಿತು. ಆ ರಾತ್ರಿ ಅದನ್ನು ಬೀರುವಿನಲ್ಲಿ ಇಟ್ಟಿದ್ದರೆ ಎಂದು ಯೋಚಿಸಿದರೆ ಈಗಲೂ ಬೆವರುತ್ತೇನೆ.

"ಉಪ್ಪುನೀರಿನ ಬಕೆಟ್‌ನಲ್ಲಿ ಹಾಕಿಟ್ಟರೆ ಬ್ಯಾಟರಿ ಖಾಲಿ ಆಗುತ್ತೆ" ಎಂಬ ಸಲಹೆ ತುಂಬಾ ಜನ ಕೊಡುತ್ತಾರೆ. ನಂಬಬೇಡಿ. ನನ್ನ ಪ್ಲಸ್ ಪಿನ್ ಏನಾಯಿತು ಅಂತ ಮೇಲೆ ಹೇಳಿದೆನಲ್ಲ. ಪಿನ್ ತಿಂದು ಹೋದ ಮೇಲೆ ಕರೆಂಟ್ ಹರಿಯುವ ದಾರಿ ನಿಲ್ಲುತ್ತದೆ, ಸೆಲ್ ಒಳಗೆ ಚಾರ್ಜ್ ಹಾಗೇ ಉಳಿದಿರುತ್ತದೆ. ಹೊರಗೆ ಮೀಟರ್ ಸೊನ್ನೆ ತೋರಿಸುತ್ತದೆ, ನೀವು ಖಾಲಿ ಎಂದು ತಿಳಿದು ಕಸಕ್ಕೆ ಎಸೆಯುತ್ತೀರಿ, ಕಸದ ಲಾರಿಯಲ್ಲಿ ಅದು ಜಜ್ಜಿ ಹೋಗುತ್ತದೆ. ಮುಂದಿನದು ಹೇಳಬೇಕಿಲ್ಲ.

ಬ್ಯಾಟರಿ ಕಸದ ಬುಟ್ಟಿಗಲ್ಲ, ಇ-ತ್ಯಾಜ್ಯ ಸಂಗ್ರಹಕ್ಕೆ ಹೋಗಬೇಕು. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯ ಬ್ಯಾಟರಿ ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದ್ದು, ಮಾರಿದ ಅಂಗಡಿಯಲ್ಲಿ ಕೇಳಿ. ಕೊಡುವಾಗ ಪಿನ್‌ಗಳಿಗೆ ಟೇಪ್ ಸುತ್ತಿ, "ಉಪ್ಪುನೀರಿಗೆ ಬಿದ್ದದ್ದು" ಎಂದು ಮೇಲೆ ಬರೆಯಿರಿ. ಕೊರಿಯರ್‌ಗೆ ಕೊಡಬೇಡಿ. ಹಾಳಾದ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಕಳಿಸುವ ಹಾಗೇ ಇಲ್ಲ.

ಬಿಚ್ಚಿ ತೊಳೆಯುವುದು

ಬೇಕಾದ ಸಾಮಾನು ಕಮ್ಮಿ. ಸಣ್ಣ ಸ್ಕ್ರೂಡ್ರೈವರ್ ಸೆಟ್, ಮೆತ್ತನೆ ಟೂತ್‌ಬ್ರಷ್, ಸಿರಿಂಜ್, ಐದು ಲೀಟರ್ ಡಿಸ್ಟಿಲ್ಡ್ ವಾಟರ್, ಮೊಬೈಲ್ ರಿಪೇರಿಯವರು ಬಳಸುವ 99 ಶೇಕಡ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್). ಡಿಸ್ಟಿಲ್ಡ್ ವಾಟರ್ ಎಂದರೆ ಇನ್ವರ್ಟರ್ ಬ್ಯಾಟರಿಗೆ ಸುರಿಯುವ ನೀರು, ಪೆಟ್ರೋಲ್ ಬಂಕ್‌ನಲ್ಲೂ ಸಿಗುತ್ತದೆ. ಅಂಗಡಿಯಲ್ಲಿ "ಬ್ಯಾಟರಿ ನೀರು" ಎಂದು ಕೇಳಿ ಆಸಿಡ್ ತರಬೇಡಿ, ಲೇಬಲ್ ಓದಿ.

ಬಹಳ ಜನ ನೇರ ಐಪಿಎಗೇ ಹೋಗುತ್ತಾರೆ. ಅದು ತಪ್ಪು ಹೆಜ್ಜೆ. ಐಪಿಎಯಲ್ಲಿ ಉಪ್ಪು ಕರಗುವುದೇ ಇಲ್ಲ ಅನ್ನಬಹುದು. ನೀರನ್ನು ಓಡಿಸುತ್ತದೆ, ಉಪ್ಪನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಉಪ್ಪು ಕರಗಬೇಕಾದರೆ ನೀರೇ ಬೇಕು. ಮೊದಲು ನೀರು, ಕೊನೆಗೆ ಐಪಿಎ.

ಬಿಚ್ಚುವಾಗ ಪ್ರತಿ ಹಂತದಲ್ಲಿ ಫೋಟೋ ಹೊಡೆಯಿರಿ. ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಭಾಗವೇ ಗಿಂಬಲ್. ಅದರ ಚಪ್ಪಟೆ ಕೇಬಲ್ ಹಪ್ಪಳದ ಹಾಗೆ, ಎಳೆದರೆ ಮುಗಿಯಿತು. ಕನೆಕ್ಟರ್‌ನ ಲಾಕ್ ಎತ್ತಿ ಬಿಡಿಸಿ. ಬೋರ್ಡ್ ಮೇಲೆ ತಗಡಿನ ಮುಚ್ಚಳಗಳಿರುತ್ತವೆ, ಒಳಗೆ ಮುಖ್ಯ ಚಿಪ್‌ಗಳು. ಉಪ್ಪು ಅಡಗುವ ಜಾಗ ಇದೇ. ಕ್ಲಿಪ್ ಮುಚ್ಚಳವಾದರೆ ಚಿಮಟದಿಂದ ಎತ್ತಿ ತೆಗೆಯಿರಿ. ಬೆಸುಗೆ ಹಾಕಿದ್ದರೆ ಅದರ ತೂತುಗಳಿಂದ ಸಿರಿಂಜ್‌ನಲ್ಲಿ ನೀರು ಹಾಯಿಸಿ, ಆ ಕಡೆಯಿಂದ ಹೊರಗೆ ಬರುವವರೆಗೆ. ಚಿಪ್‌ನ ಬಿಸಿ ಎಳೆಯುವ ಲೋಹದ ತುಂಡು, ಅಂದರೆ ಹೀಟ್ ಸಿಂಕ್ ತೆಗೆದರೆ ಹಳೆಯ ಪೇಸ್ಟ್ ಒರೆಸಿ, ಜೋಡಿಸುವಾಗ ಹೊಸದು ಹಚ್ಚಿ.

ಎಷ್ಟು ಸಲ ತೊಳೆಯಬೇಕು? ಇದಕ್ಕೆ ಅಂದಾಜು ಬೇಡ. ಮನೆಯ ನೀರಿನ ಫಿಲ್ಟರ್ ನೋಡಲು ಬರುವವರು ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ ನೋಡುತ್ತಾರಲ್ಲ, ಅದೇ ಬೇಕು. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ಅದು ತೋರಿಸುತ್ತದೆ. ತಟ್ಟೆಯಲ್ಲಿ ಬೋರ್ಡ್ ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ, ಹತ್ತು ನಿಮಿಷ ಬಿಟ್ಟು, ಬ್ರಷ್ ಆಡಿಸಿ, ಆ ನೀರಿಗೆ ಮೀಟರ್ ಅದ್ದಿ. ಹೊಸ ನೀರು 3 ತೋರಿಸುತ್ತಿತ್ತು. ನನ್ನ ಮೊದಲ ತಟ್ಟೆ 1,400 ತೋರಿಸಿತು. ಎರಡನೆಯದು 310, ಮೂರನೆಯದು 60, ಐದನೆಯದು 8. ಕೊನೆಯ ಎರಡು ತಟ್ಟೆಯ ಅಂಕಿ ಹೊಸ ನೀರಿನ ಹತ್ತಿರ ಬಂದು ನಿಂತರೆ ಸಾಕು. ಅದಕ್ಕೂ ಮೊದಲು ಕಣ್ಣಿಗೆ ಬೋರ್ಡ್ ಹೊಸದರ ಹಾಗೆ ಕಂಡರೂ ನಂಬಬೇಡಿ. ನನ್ನದು ಎರಡನೇ ತಟ್ಟೆಯಲ್ಲೇ ಪಳಪಳ ಅನ್ನುತ್ತಿತ್ತು.

ಕನ್ನಡಕದ ಅಂಗಡಿಯಲ್ಲಿರುವ ಅಲ್ಟ್ರಾಸಾನಿಕ್ ತೊಟ್ಟಿಗೆ ಫ್ಲೈಟ್ ಬೋರ್ಡ್ ಹಾಕಬೇಡಿ. ಅದರ ಮೇಲಿರುವ, ಡ್ರೋನ್ ತಿರುಗುವುದನ್ನು ಅಳೆಯುವ ಗೈರೋ ಚಿಪ್ ಒಳಗೆ ಕೂದಲೆಳೆಯಂಥ ಭಾಗಗಳಿವೆ, ಆ ಕಂಪನಕ್ಕೆ ಮುರಿಯಬಹುದು.

ಮೋಟರ್‌ಗಳನ್ನು ತೊಳೆಯಲು ಭಯ ಬೇಡ. ಒಳಗೆ ಬರೀ ತಾಮ್ರದ ಸುರುಳಿ ಮತ್ತು ಅಯಸ್ಕಾಂತ. ನೀರಿನಲ್ಲಿ ಮುಳುಗಿಸಿ ಕೈಯಿಂದ ತಿರುಗಿಸಿ, ಮರಳು ಹೊರಗೆ ಬರಲಿ. ತುಕ್ಕು ಹಿಡಿಯುವುದು ಬೇರಿಂಗ್‌ಗೆ. ಒಣಗಿದ ಮೇಲೆ ಸೂಜಿ ತುದಿಯಲ್ಲಿ ಒಂದು ಹನಿ ಹೊಲಿಗೆ ಮಿಷನ್ ಎಣ್ಣೆ ಬಿಡಿ. ತೆಂಗಿನೆಣ್ಣೆ ಬೇಡ, ದಿನ ಹೋದ ಹಾಗೆ ಅಂಟಾಗುತ್ತದೆ.

ಕೊನೆಗೆ ಐಪಿಎಯಲ್ಲಿ ಬೋರ್ಡನ್ನು ಒಮ್ಮೆ ಅದ್ದಿ ಅಲ್ಲಾಡಿಸಿ. ಕಿಟಕಿ ತೆಗೆದಿರಲಿ, ಹತ್ತಿರ ಒಲೆ, ಊದುಬತ್ತಿ ಯಾವುದೂ ಬೇಡ. ಲೆನ್ಸ್‌ಗೆ ಐಪಿಎ ಸುರಿಯಬೇಡಿ, ಮೇಲಿನ ಲೇಪ ಹಾಳಾದೀತು. ಗಿಂಬಲ್‌ನ ಕ್ಯಾಮೆರಾ ಭಾಗವನ್ನು ನೀರಿನಲ್ಲಿ ಮಾತ್ರ ತೊಳೆದು ಬಿಡಿ.

ಒಣಗಿಸಲು ಫೋಟೋಗ್ರಾಫರ್‌ಗಳು ಮಳೆಗಾಲದಲ್ಲಿ ಕ್ಯಾಮೆರಾಗೆ ಬೂಸ್ಟು ಹಿಡಿಯದಿರಲು ಮಾಡಿಕೊಳ್ಳುವ ಬಲ್ಬಿನ ಪೆಟ್ಟಿಗೆ ಚೆನ್ನ. ಹಳೆಯ ಕಾಲದ ತಂತಿ ಬಲ್ಬು, ಮೇಲೆ ಕೆಳಗೆ ಗಾಳಿಗೆ ತೂತು, ಒಳಗೆ 45 ಡಿಗ್ರಿ ದಾಟದ ಬಿಸಿ. ಐಪಿಎ ಪೂರ್ತಿ ಆರಿದ ಮೇಲೆಯೇ ಪೆಟ್ಟಿಗೆಗೆ ಇಡಿ. ಎರಡು ದಿನ ಸಾಕು, ಗಿಂಬಲ್‌ಗೆ ನಾಲ್ಕು ದಿನ.

ಕರೆಂಟ್ ಕೊಡುವ ಮೊದಲು

ಮಲ್ಟಿಮೀಟರ್ ಅನ್ನು ಓಮ್‌ಗೆ ಇಟ್ಟು ಡ್ರೋನ್ ಮೈಯಲ್ಲಿರುವ ಬ್ಯಾಟರಿ ಪಿನ್‌ಗಳಿಗೆ ಹಿಡಿಯಿರಿ. ಅಂಕಿ ಕೆಳಗಿನಿಂದ ಶುರುವಾಗಿ ನಿಧಾನ ಏರಿದರೆ ಒಳ್ಳೆಯದು, ಕೆಪ್ಯಾಸಿಟರ್ ತುಂಬುತ್ತಿದೆ. ಒಂದೆರಡು ಓಮ್‌ನಲ್ಲೇ ಕೂತರೆ ಒಳಗೆ ಶಾರ್ಟ್ ಇದೆ, ಬ್ಯಾಟರಿ ಹಾಕಬೇಡಿ.

ಶಾರ್ಟ್ ಎಲ್ಲಿ? ಮೋಟರ್ ವೈರ್‌ಗಳು ಇನ್ನೂ ಬೋರ್ಡ್‌ನಲ್ಲಿರುವಾಗಲೇ ನಾಲ್ಕೂ ಮೋಟರ್ ಕೈಯಿಂದ ತಿರುಗಿಸಿ ನೋಡಿ. ಒಂದು ಮಾತ್ರ ಬಿಗಿಯಾಗಿ, ತಡೆದು ತಡೆದು ತಿರುಗಿದರೆ ಅದರ ವೈರ್ ಬಿಡಿಸಿ ಮತ್ತೆ ತಿರುಗಿಸಿ. ಈಗ ಸಲೀಸಾದರೆ ತಪ್ಪು ಇಎಸ್‌ಸಿಯದು (ಮೋಟರ್ ವೇಗ ನಿಯಂತ್ರಿಸುವ ಸರ್ಕ್ಯೂಟ್), ಅದರಲ್ಲಿ ಸ್ವಿಚ್ ಕೆಲಸ ಮಾಡುವ ಮಾಸ್‌ಫೆಟ್ ಹೋಗಿದೆ. ಬಿಡಿಸಿದ ಮೇಲೂ ಬಿಗಿಯೇ ಇದ್ದರೆ ಮೋಟರ್‌ನದು. ಕರಕರ ಅಂದರೆ ಬೇರಿಂಗ್‌ನಲ್ಲಿ ಮರಳು ಅಥವಾ ತುಕ್ಕು. ಮೀಟರ್ ಇಲ್ಲದೆ, ಖರ್ಚಿಲ್ಲದೆ ಸಿಗುವ ಈ ಉತ್ತರ ನನಗೆ ಎಷ್ಟೋ ಗಂಟೆ ಉಳಿಸಿದೆ.

ಮೋಟರ್ ಎಲ್ಲ ಸರಿ, ಆದರೂ ಶಾರ್ಟ್ ಎಂದರೆ ಮೊಬೈಲ್ ರಿಪೇರಿಯವರ ಉಪಾಯ ಹಿಡಿಯಿರಿ. ವೋಲ್ಟ್, ಆಂಪಿಯರ್ ಬೇಕಾದಷ್ಟಕ್ಕೆ ಇಡಬಹುದಾದ ಬೆಂಚ್ ಪವರ್ ಸಪ್ಲೈನಲ್ಲಿ ಒಂದೇ ವೋಲ್ಟ್, ಒಂದು ಆಂಪಿಯರ್ ಮಿತಿ ಇಟ್ಟು ಕೊಡಿ. ಬೋರ್ಡ್ ಮೇಲೆ ಐಪಿಎ ತೆಳುವಾಗಿ ಹಚ್ಚಿ. ಶಾರ್ಟ್ ಆದ ಜಾಗ ಬಿಸಿಯಾಗಿ ಅಲ್ಲಿನ ಐಪಿಎ ಮೊದಲು ಆರುತ್ತದೆ. ಹೆಚ್ಚಾಗಿ ಅದು ಬ್ಯಾಟರಿ ಪಿನ್ ಹತ್ತಿರದ ಒಂದು ಸಣ್ಣ ಕೆಪ್ಯಾಸಿಟರ್ ಆಗಿರುತ್ತದೆ.

ಶಾರ್ಟ್ ಇಲ್ಲದಿದ್ದರೂ ಮೊದಲ ಸಲ ಬ್ಯಾಟರಿ ಬೇಡ. ಸಪ್ಲೈಯಲ್ಲಿ ನಿಮ್ಮ ಬ್ಯಾಟರಿ ಮೇಲೆ ಬರೆದ ವೋಲ್ಟ್ ಇಟ್ಟು, ಮಿತಿ ಅರ್ಧ ಆಂಪಿಯರ್ ಇರಲಿ. ಕೆಲವು ಡ್ರೋನ್ ಬ್ಯಾಟರಿಯ ಚಿಪ್ ಜೊತೆ ಮಾತಾಡದೆ ಪೂರ್ತಿ ಆನ್ ಆಗುವುದಿಲ್ಲ. ಪರವಾಗಿಲ್ಲ, ನಮಗೆ ಬೇಕಾದದ್ದು ಸುಡುತ್ತದೋ ಇಲ್ಲವೋ ಎಂಬುದಷ್ಟೇ.

ಆನ್ ಆಯಿತು, ಆದರೆ...

ಗಿಂಬಲ್ ಎರರ್ ಬಂದರೆ ಮೊದಲು ಆ ಚಪ್ಪಟೆ ಕೇಬಲ್‌ನ ಕನೆಕ್ಟರ್ ನೋಡಿ. ಹೆಚ್ಚಿನ ಸಲ ಅಲ್ಲೇ ಒಂದು ಪಿನ್ ಹಸಿರಾಗಿರುತ್ತದೆ. ಲೆನ್ಸ್ ಒಳಗೆ ಮಂಜು ಕಟ್ಟಿದ್ದರೆ ಇನ್ನೊಂದು ವಾರ ಪೆಟ್ಟಿಗೆಯಲ್ಲಿಡಿ. ಮಂಜು ಹೋಗಿ ಬಿಳಿ ಕಲೆ ಉಳಿದರೆ ಅದು ಉಪ್ಪು, ಕ್ಯಾಮೆರಾ ಬದಲಿಸುವುದೇ ದಾರಿ.

ಜಿಪಿಎಸ್ ಉಪಗ್ರಹ ಹಿಡಿಯದಿದ್ದರೆ, ರಿಮೋಟ್ ಸ್ವಲ್ಪ ದೂರಕ್ಕೇ ಬಿಟ್ಟುಹೋದರೆ ಆಂಟೆನಾ ವೈರ್‌ನ ಸಾಸಿವೆ ಗಾತ್ರದ ಕನೆಕ್ಟರ್‌ಗಳನ್ನು ನೋಡಿ. ಡ್ರೋನ್‌ನ ಕಾಲಿನೊಳಗೆ ಇರುವ ಆಂಟೆನಾವನ್ನು ಎಲ್ಲರೂ ಮರೆಯುತ್ತಾರೆ, ನಾನೂ ಮರೆತಿದ್ದೆ.

ನನಗೆ ಜಾಸ್ತಿ ತಲೆ ತಿಂದದ್ದು ಎತ್ತರದ ಅಳತೆ. ಮೇಜಿನ ಮೇಲೆ ಸುಮ್ನೆ ಕೂತಿದ್ದ ಡ್ರೋನ್ ಆ್ಯಪ್‌ನಲ್ಲಿ ನಾಲ್ಕು ಮೀಟರ್ ಏರಿ, ಎರಡು ಮೀಟರ್ ಇಳಿಯುತ್ತಿತ್ತು. ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಚಿಪ್‌ಗೆ ಒಂದು ಸೂಜಿ ತೂತು, ಮೇಲೆ ಒಂದು ತುಂಡು ಸ್ಪಂಜು ಇರುತ್ತದೆ. ಬೋರ್ಡ್ ಐದು ಸಲ ತೊಳೆದಿದ್ದೆ, ಸ್ಪಂಜನ್ನು ತೆಗೆದೇ ಇರಲಿಲ್ಲ. ಸ್ವಲ್ಪ ಡಿಸ್ಟಿಲ್ಡ್ ವಾಟರ್‌ಗೆ ಅದನ್ನು ಹಿಂಡಿ ಟಿಡಿಎಸ್ ಮೀಟರ್ ಅದ್ದಿದರೆ 900! ಸ್ಪಂಜು ಬಿಸಾಡಿ ಹೊಸದು ಕತ್ತರಿಸಿ ಹಾಕಿ, ಚಿಪ್‌ನ ಸುತ್ತ ಮತ್ತೆ ತೊಳೆದು, ಮೂರು ದಿನ ಪೆಟ್ಟಿಗೆಯಲ್ಲಿಟ್ಟ ಮೇಲೆ ಅದು ಅಲ್ಲಾಡದೆ ನಿಂತಿತು. ಆ ಚಿಪ್ ಸರಿ ಇಲ್ಲದೆ ಹಾರಿಸಬೇಡಿ.

ಹಾರಿಸುವುದು

ಮೊದಲು ರೆಕ್ಕೆ ಹಾಕದೆ ಹೊಸ ಬ್ಯಾಟರಿ ಹಾಕಿ, ಐದು ನಿಮಿಷ ಆನ್ ಇಟ್ಟು ಕೈಯಿಂದ ಬಿಸಿ ನೋಡಿ. ಆಮೇಲೆ ಹುಲ್ಲಿನ ಮೇಲೆ ಮೊಣಕಾಲೆತ್ತರದಲ್ಲಿ ಐದು ನಿಮಿಷ ನಿಲ್ಲಿಸಿ. ಇಳಿಸಿ ನಾಲ್ಕೂ ಮೋಟರ್ ಮುಟ್ಟಿ. ಒಂದು ಮಾತ್ರ ಉಳಿದವಕ್ಕಿಂತ ಬಿಸಿಯಾಗಿದ್ದರೆ ಆ ಬೇರಿಂಗ್ ಬದಲಿಸುವವರೆಗೆ ಹಾರಾಟ ಬಂದ್. ಜನರ ತಲೆ ಮೇಲೆ ಈ ಡ್ರೋನ್ ಇನ್ನು ಯಾವತ್ತೂ ಬೇಡ. ನಾನು ಮದುವೆ ಕೆಲಸಕ್ಕೆ ಬೇರೆಯದನ್ನೇ ಇಟ್ಟುಕೊಂಡಿದ್ದೇನೆ, ಇದು ಗದ್ದೆ ಮೇಲೆ ಹಾರುತ್ತದೆ.

ಮೂರು ವಾರ ಬಿಟ್ಟು ಮತ್ತೊಮ್ಮೆ ಬಿಚ್ಚಿ, ತಗಡಿನ ಮುಚ್ಚಳದ ಅಂಚಿನಲ್ಲಿ, ಬ್ಯಾಟರಿ ಪಿನ್‌ನ ಬುಡದಲ್ಲಿ ಟಾರ್ಚ್ ಹಿಡಿದು ನೋಡಿ. ಹಸಿರು ಚುಕ್ಕೆ ಇದ್ದರೆ ನೀರು ಮತ್ತು ಬ್ರಷ್‌ನಿಂದ ತೆಗೆದು, ಐಪಿಎ ಹಾಕಿ, ಒಣಗಿಸಿ. ಮುಂದಿನ ತಿಂಗಳು ಅದೇ ಜಾಗದಲ್ಲಿ ಮತ್ತೆ ಬಂದರೆ ಉಪ್ಪು ಚಿಪ್‌ನ ಅಡಿಗೆ ಹೋಗಿದೆ ಎಂದರ್ಥ. ಆಗ ಆ ಬೋರ್ಡ್ ಬದಲಿಸಿ.